ತೇಗದ ಗರ್ಭಕೋಶ

“ಲೇ ಆಚಾರಿ, ಇದೇನ್ಲಾ, ಬಾಗ್ಲಾ ಬಸ್ರಾ? ಒಂಬತ್ ತಿಂಗ್ಳು ಒತ್ಕೊಂಡು ಕುಂತ್ಕಳಂಗೆ ಕಾಣ್ತೀಯಲ್ಲ ಬಡ್ಡೀಮಗ್ನೆ!”

ಬೈದವರು ಸಿದ್ದರಾಜು ಗೌಡರು, ಊರಮ್ಮನ ಗುಡಿ ಕಟ್ಟಿಸುವ ಸಮಿತಿಯ ಅಧ್ಯಕ್ಷರು. ಬೈಸಿಕೊಂಡವನು ನಾನು, ಮರಗೆಲಸದ ಮೌನೇಶ. ಹೆಸರಿಗೆ ತಕ್ಕ ಹಾಗೆ ಸುಮ್ಮನಿದ್ದೆ. ಕೈಯಲ್ಲಿ ಮರ ಕೆತ್ತುವ ಬಾಚಿ ಇತ್ತು, ಬಾಯಲ್ಲಿ ನಾಲ್ಕು ಮೊಳೆ ಇದ್ದವು. ಬಾಯಲ್ಲಿ ಮೊಳೆ ಇದ್ದದ್ದರಿಂದ ಎದುರು ಮಾತಾಡಲಿಲ್ಲ ಎಂದು ಆಮೇಲೆ ಹೆಂಡತಿಗೆ ಹೇಳಿದೆ. ಮೊಳೆ ಇಲ್ಲದಿದ್ದರೂ ಮಾತಾಡುತ್ತಿರಲಿಲ್ಲ ಅನ್ನುವುದು ಅವಳಿಗೆ ಗೊತ್ತು.

ಹದಿನೈದು ವರ್ಷದಿಂದ ನಾನು ಮಾಡುತ್ತಿರುವುದನ್ನು ಮರಗೆಲಸ ಎಂದು ಕರೆದರೆ ಮರಕ್ಕೆ ಅವಮಾನ. ಊರಿನವರು ಪಾಂಡವಪುರದಿಂದ ಸಿದ್ಧ ಬಾಗಿಲು ತಂದು ನಿಲ್ಲಿಸುತ್ತಾರೆ, ನಾನು ಹೋಗಿ ಸ್ಕ್ರೂ ಬಿಗಿಯುತ್ತೇನೆ. ಉಳಿದ ದಿನ ಚಿನಕುರಳಿ ಕಡೆಯ ಕಲ್ಲು ಕ್ವಾರಿಯವರ ಸುತ್ತಿಗೆಗೆ ಮರದ ಕಾವು ಹಾಕಿಕೊಡುತ್ತೇನೆ. ನನ್ನಪ್ಪ ಕೆತ್ತಿದ ಬಾಗಿಲುಗಳು ಮೂರು ಊರಿನ ಗುಡಿಗಳಲ್ಲಿವೆ. ನನ್ನದು ಒಂದೂ ಇಲ್ಲ. ಹಾಗಾಗಿ ಊರಮ್ಮನಿಗೆ ತೇಗದ ಜೋಡಿ ಬಾಗಿಲು ಮಾಡು ಎಂದಾಗ, ಗೌಡರು ದಿನಕ್ಕೊಂದು ಸಲ ಬಂದು ನನ್ನ ತಾಯಿಯ ಹೆಸರೆತ್ತಿ ಬೈದರೂ ಪರವಾಗಿಲ್ಲ ಅಂದುಕೊಂಡು ಒಪ್ಪಿಕೊಂಡೆ. ಅವರೂ ಒಂದು ದಿನ ತಪ್ಪಿಸಲಿಲ್ಲ.

ನನ್ನ ಹೆಂಡತಿ ರಾಧಾಮಣಿ ಆಶಾ ಕಾರ್ಯಕರ್ತೆ. ಗುಲಾಬಿ ಸೀರೆ ಉಟ್ಟು ಬಸುರಿಯರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾಳೆ, ಕೂಸುಗಳಿಗೆ ಹನಿ ಹಾಕಿಸುತ್ತಾಳೆ. ತಿಂಗಳಿಗೆರಡು ಶನಿವಾರ ಹೈಸ್ಕೂಲಿನ ಹೆಣ್ಣುಮಕ್ಕಳಿಗೆ ಮೈಯ ವಿಷಯ ಹೇಳಿಕೊಡುತ್ತಾಳೆ. ಅವತ್ತೊಂದು ಶನಿವಾರ ಮನೆಗೆ ಬಂದವಳೇ ಚೀಲವನ್ನು ಮೂಲೆಗೆ ಎಸೆದಳು.

“ಏನಾಯ್ತಮ್ಮಿ?”

“ಲೋಕೇಶ್ ಮೇಷ್ಟ್ರು ನನ್ನ ಚಾರ್ಟಿಗೆ ಪೇಪರ್ ಅಂಟಿಸ್ಬುಟ್ಟವ್ರೆ. ಒಕ್ಕಳಿಂದ ಮಂಡಿಗಂಟ. ಇಸ್ಕೂಲ್ ಮಾನ ಓಯ್ತದಂತೆ.”

ಲೋಕೇಶ್ ಹೈಸ್ಕೂಲಿನ ಹೆಡ್‌ಮಾಸ್ಟರು. ಅಂಟಿಸಿದ್ದು ಹಳೆಯ ಲೆಕ್ಕದ ಪ್ರಶ್ನೆಪತ್ರಿಕೆಯಂತೆ. ಗರ್ಭಕೋಶ ಎಲ್ಲಿದೆ ಎಂದು ಮಕ್ಕಳು ಕೇಳಿದರೆ ರಾಧಾಮಣಿ ಕೋಲಿನಲ್ಲಿ ಐದನೇ ಪ್ರಶ್ನೆ ತೋರಿಸಬೇಕಾಯಿತಂತೆ. ನಾನು ನಕ್ಕೆ. ಅವಳು ನಗಲಿಲ್ಲ.

“ಗೌಡ್ರ ಮೊಮ್ಮಗ್ಳು ಪವಿತ್ರಂಗೆ ಓದ್ ತಿಂಗ್ಳು ಮೊದಲ್ನೇ ಸಲ ಮುಟ್ಟು ಬಂದದೆ. ಒಳ್ಗೇನೋ ಕುಯ್ದೋಗದೆ, ಸತ್ತೋಯ್ತೀನಿ ಅಂತ ಮೂರ್ ದಿನ ಉಣ್ದೆ ಮನಗಿತ್ತಂತೆ ಎಣ್ಮಗ. ಪ್ರಶ್ನೆಪತ್ರಿಕೆ ತೋರುಸ್ಕಂಡು ಅದ್ಕೇನ್ ಯೋಳ್ಲಿ ನಾನು?”

ನಾನು ಬಾಚಿಯ ಹರಿತ ನೋಡತೊಡಗಿದೆ.

“ಮರದಲ್ಲಿ ಮಾಡ್ಕೊಡಿ,” ಎಂದಳು.

“ಏನ?”

“ಗರ್ಭಕೋಶ.”

ಬಾಯಲ್ಲಿ ಮೊಳೆ ಇದ್ದಿದ್ದರೆ ನುಂಗಿಬಿಡುತ್ತಿದ್ದೆ. ಇಪ್ಪತ್ತಾರು ವರ್ಷ ಸಂಸಾರ ಮಾಡಿದವನು ನಾನು. ನನ್ನ ಮಗಳು ಕೀರ್ತನ ಮೈನೆರೆದ ದಿನ ನಾಚಿಕೆಯಾಗಿ ಸಂತೆಗೆ ಓಡಿಹೋಗಿ, ಏನೂ ಕೊಳ್ಳದೆ, ಸಂಜೆಯವರೆಗೂ ಎತ್ತುಗಳ ಹಲ್ಲು ನೋಡುತ್ತ ನಿಂತಿದ್ದವನು. ಎತ್ತಿನ ಹಲ್ಲಿನ ವಿಷಯ ಏನು ಬೇಕಾದರೂ ಕೇಳಿ, ಹೇಳುತ್ತೇನೆ. ಹೆಣ್ಣಿನ ಹೊಟ್ಟೆಯೊಳಗೆ ಏನಿದೆ ಎಂದು ಮಾತ್ರ ಗೊತ್ತಿರಲಿಲ್ಲ.

ರಾಧಾಮಣಿ ಇದ್ದಿಲಿನಲ್ಲಿ ನೆಲದ ಮೇಲೆ ಬರೆದು ತೋರಿಸಿದಳು. ಒಂದು ಮಗು ಹಿಡಿಸಬೇಕಲ್ಲ ಎಂದು ನಾನು ಕುಂಬಳಕಾಯಿ ಗಾತ್ರದ ಮರ ಹುಡುಕುತ್ತಿದ್ದೆ. “ಇಷ್ಟೇ ಇರೋದು,” ಎಂದು ಮುಷ್ಟಿ ಹಿಡಿದು ತೋರಿಸಿದಳು. ನಾನು ನಂಬಲಿಲ್ಲ. ಬಸುರಿಯಾದಾಗ ಹಿಗ್ಗುತ್ತದೆ, ಆಮೇಲೆ ಕುಗ್ಗುತ್ತದೆ ಎಂದಳು. ಹಾಗೆ ಮಾಡುವ ಮರ ನನ್ನಪ್ಪನೂ ಕಂಡಿರಲಿಲ್ಲ.

ಮನೆಯಲ್ಲಿದ್ದ ಒಳ್ಳೆಯ ಮರವೆಂದರೆ ಗುಡಿಯ ಬಾಗಿಲಿಗೆ ಕುಯ್ದು ಉಳಿದಿದ್ದ ತೇಗದ ತುಂಡು ಒಂದೇ.

“ದೇವ್ರ ಮರ ಕಣಮ್ಮಿ ಅದು.”

“ಊರಮ್ಮ ಎಣ್ಣಲ್ವ? ಏನೂ ಅನ್ನಕಿಲ್ಲ ಬುಡಿ.”

ಎರಡು ವಾರ ಬಾಗಿಲಿನ ಕೆಲಸದ ನಡುವೆ ಕದ್ದು ಕದ್ದು ಕೆತ್ತಿದೆ. ಮೇಲೆ ಅಗಲ, ಕೆಳಕ್ಕೆ ಬಂದಂತೆ ಸಣ್ಣ, ತುದಿಯಲ್ಲಿ ಪುಟ್ಟ ಬಾಯಿ. ಎರಡು ಪಕ್ಕಕ್ಕೂ ಬಾಗಿದ ನಳಿಕೆ. ಅಂಡಾಶಯಕ್ಕೆ ಏನು ಮಾಡುವುದೆಂದು ಯೋಚಿಸಿ ಮಕ್ಕಳು ಆಡುವ ಎರಡು ಗಜ್ಜುಗದ ಕಾಯಿ ತಂದು ಕೂರಿಸಿದೆ. ಉಪ್ಪುಕಾಗದ ಉಜ್ಜಿ ಎಣ್ಣೆ ಸವರಿದಾಗ ತೇಗ ಬೆಳಗಿತು. ನನ್ನ ಕೆಲಸವನ್ನು ನಾನೇ ಹೊಗಳಬಾರದು, ಆದರೆ ಹೊಗಳುವವರು ಬೇರೆ ಯಾರೂ ಇಲ್ಲದ್ದರಿಂದ ಹೇಳುತ್ತೇನೆ, ಚೆನ್ನಾಗಿ ಬಂದಿತ್ತು.

ಶುಕ್ರವಾರ ಬೆಳಿಗ್ಗೆ ಗೌಡರು ದಿನದ ಬೈಗುಳದ ಪಾಲು ಕೊಡಲು ಬಂದರು. ನಾನು ಅದನ್ನು ಮರದ ಹೊಟ್ಟಿನಲ್ಲಿ ಮುಚ್ಚುವಷ್ಟರಲ್ಲಿ ಅವರ ಕಣ್ಣಿಗೆ ಬಿತ್ತು. ಎತ್ತಿಕೊಂಡು ತಿರುಗಿಸಿ ನೋಡಿದರು.

“ಆಹಾ! ಬಸ್ವಣ್ಣನ ಮೊಕ! ಕೊಂಬು ಎಂಗ್ ತಿರುಗ್ಸಿದ್ದೀಯ್ಲಾ! ನಿಮ್ಮಪ್ಪನ ಕೈ ಬಂದ್ಬುಟ್ಟದೆ ಕಣ್ಲಾ ನಿಂಗೆ.”

ಚಪ್ಪಲಿ ಬಿಟ್ಟರು. ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡರು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ನಿಮ್ಮಪ್ಪನ ಕೈ ಬಂದಿದೆ ಎಂದು ಒಬ್ಬರ ಬಾಯಲ್ಲಿ ಕೇಳಲು ಹದಿನೈದು ವರ್ಷ ಕಾದಿದ್ದೆ. ಕೇಳಿದ ಮೇಲೆ ಅದನ್ನು ಹಿಂದಕ್ಕೆ ಕೊಡಲು ಮನಸ್ಸು ಬರಲಿಲ್ಲ.

“ಊ ಗೌಡ್ರೆ, ಬಸ್ವಣ್ಣನೇಯ,” ಎಂದೆ.

ಗೋಡೆಯ ಆಚೆ ರಾಧಾಮಣಿ ಬಾಯಿಗೆ ಸೆರಗು ತುರುಕಿಕೊಂಡಿದ್ದಳು.

ಶನಿವಾರ ಅದು ಶಾಲೆಗೆ ಹೋಯಿತು. ಲೋಕೇಶ್ ಮೇಷ್ಟ್ರು ಚಾರ್ಟು ಬಂದಿಲ್ಲ ಎಂದು ನೋಡಿ ಸಮಾಧಾನದಿಂದ ಚಹಾ ಕುಡಿಯಲು ಹೋದರಂತೆ. ಮೂವತ್ತೊಂದು ಹುಡುಗಿಯರು ಒಬ್ಬರ ಕೈಯಿಂದ ಒಬ್ಬರು ಇಸಿದುಕೊಂಡು ನೋಡಿದರಂತೆ. ಯಾವುದೂ ಕುಯ್ದು ಹೋಗಿಲ್ಲ, ಪ್ರತಿ ತಿಂಗಳೂ ಒಳಗಿನ ಪದರ ಕಳಚಿ ಬರುತ್ತದೆ ಅಷ್ಟೆ, ಸಾಯುವುದಿಲ್ಲ ಎಂದಾಗ ಪವಿತ್ರ ಗಟ್ಟಿಯಾಗಿ ಅತ್ತುಬಿಟ್ಟಳಂತೆ. ಅವತ್ತು ರಾಧಾಮಣಿ ಎರಡು ಮುದ್ದೆ ಉಂಡಳು.

ಪವಿತ್ರ ಮನೆಗೆ ಹೋಗಿ, ನೋಟ್‌ಬುಕ್ಕಿನಲ್ಲಿ ಅದರ ಚಿತ್ರ ಬರೆದು, ಒಲೆ ಮುಂದೆ ಕೂತಿದ್ದ ಅಜ್ಜಿ ಅಣ್ಣಮ್ಮನಿಗೆ ಪಾಠ ಶುರು ಮಾಡಿದ್ದಾಳೆ. ಕಾಫಿಗೆಂದು ಒಳಗೆ ಬಂದ ಗೌಡರು ಚಿತ್ರ ನೋಡಿ, “ಬಸ್ವಣ್ಣನ ಬರೀತಿದ್ದೀಯೇನವ್ವ?” ಅಂದಿದ್ದಾರೆ.

“ಅಲ್ಲ ತಾತ, ಗರ್ಭಕೋಶ. ಮೌನೇಶ್ ಮಾಮ ಮಾಡಿರೋದು.”

ಭಾನುವಾರ ಬೆಳಿಗ್ಗೆ ಗುಡಿಯ ಮುಂದೆ ನ್ಯಾಯ ಕೂಡಿತು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ದೂರದ ಗೋಡೆಯ ಪಕ್ಕ. ನಾನೂ ರಾಧಾಮಣಿಯೂ ನಡುವೆ ಬಿಸಿಲಲ್ಲಿ ನಿಂತೆವು. ತೇಗದ ತುಂಡು ನನ್ನ ಕೈಯಲ್ಲಿತ್ತು, ಬಾಚಿಯನ್ನೂ ತರಬೇಕೆಂದು ಅಪ್ಪಣೆಯಾಗಿತ್ತು.

“ದೇವ್ರ ಮರದಾಗೆ ಎಂಗುಸ್ರ ಅಂಗ ಕೆತ್ತವ್ನೆ ಬೋಳಿಮಗ!” ಗೌಡರು ಕೂಗಿದರು. “ಅದ್ನ ನನ್ ಕೈಲಿ ಕಣ್ಗೆ ಒತ್ತುಸ್ದ!”

ಕಣ್ಣಿಗೆ ಒತ್ತಿಕೊಂಡದ್ದು ಅಲ್ಲಿಯವರೆಗೆ ನಮ್ಮ ಮನೆಯವರಿಗೆ ಮಾತ್ರ ಗೊತ್ತಿತ್ತು. ಈಗ ಊರಿಗೇ ಗೊತ್ತಾಯಿತು. ಗೋಡೆಯ ಕಡೆಯಿಂದ ಯಾರೋ ಕಿಸಕ್ಕೆಂದರು. ಗೌಡರ ಕಿವಿ ಕೆಂಪಾಯಿತು.

“ಚಾರ್ಟಿಗಾದರೆ ಪೇಪರ್ ಅಂಟಿಸಿದ್ದೆ ಗೌಡ್ರೆ, ಮರಕ್ಕೆ ಏನು ಅಂತ ಅಂಟಿಸ್ಲಿ?” ಎಂದರು ಲೋಕೇಶ್ ಮೇಷ್ಟ್ರು.

“ಅದು ಒಟ್ಟೆ ಒಳ್ಗಿರೋದು ಗೌಡ್ರೆ,” ರಾಧಾಮಣಿ ಬಾಯಿ ತೆರೆದಳು. “ಮಕ್ಳು ಎದುರ್ಕೊಂಡು ಸಾಯ್ತಾವ್ರೆ, ಅದ್ಕೆ...”

“ಮುಚ್ಚೇ ಬಾಯ, ಸೂಳೆಮುಂಡೆ! ನಮ್ಮನೆ ಎಣ್ಮಗಿನ ತಲೆ ಕೆಡ್ಸಿದ್ದಲ್ದೆ!” ಗೌಡರು ನನ್ನ ಕಡೆ ತಿರುಗಿದರು. “ಲೇ ಆಚಾರಿ, ಎಲ್ಲರ್ ಮುಂದೆ ಸೀಳಾಕ್ಲಾ ಅದ್ನ. ಸೀಳ್ಬುಟ್ಟು ಅಡ್ಡಬೀಳು. ಇಲ್ದಿದ್ರೆ ನಾಳೀಕೆ ಪಾಂಡವಪುರದಿಂದ ಬಾಗ್ಲು ತತ್ತೀನಿ. ನಿನ್ನೆಡ್ತಿ ಇಸ್ಕೂಲ್ ಮೆಟ್ಲು ಅತ್ತಂಗಿಲ್ಲ.”

ಸುಳ್ಳು ಯಾಕೆ ಹೇಳಲಿ, ಸೀಳಲು ನಾನು ತಯಾರಾಗಿದ್ದೆ. ಬಾಗಿಲು ಮುಕ್ಕಾಲು ಮುಗಿದಿತ್ತು, ಒಂದು ತಾವರೆ ಅರ್ಧಕ್ಕೆ ನಿಂತಿತ್ತು. ಆ ಬಾಗಿಲ ಮೇಲೆ ನನ್ನ ಕೈಗೆಲಸ ನಾನು ಸತ್ತ ಮೇಲೂ ಇರುತ್ತದೆ ಎಂದು ಆಸೆ ಪಟ್ಟಿದ್ದೆ. ಹೆಂಡತಿಯ ಮುಖ ನೋಡದೆ, ಗುಡಿಯ ಮುಂದಿದ್ದ ಚಪ್ಪಡಿಯ ಮೇಲೆ ಅದನ್ನಿಟ್ಟು ಬಾಚಿ ಎತ್ತಿದೆ.

ಎತ್ತಿದ ಕೈ ಅಭ್ಯಾಸಬಲದಿಂದ ನಿಂತಿತು. ಮರ ಕೊಟ್ಟ ಯಜಮಾನ ಗೆರೆ ಹಾಕದೆ ಕುಯ್ಯಬೇಡ ಎಂದು ನನ್ನಪ್ಪ ಕಲಿಸಿದ್ದ. ಯಜಮಾನ ಗೆರೆ ಹಾಕಿದರೆ ತಪ್ಪೂ ಯಜಮಾನನದು. ಹೇಡಿಗಳಿಗೆ ಹೇಳಿ ಮಾಡಿಸಿದ ಪಾಠ, ಅದಕ್ಕೇ ನನಗೆ ಚೆನ್ನಾಗಿ ಹತ್ತಿತ್ತು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಚಾಚಿದೆ.

“ಎಲ್ಲಿಗ್ ಒಡೀಲಿ ಗೌಡ್ರೆ? ಗೆರೆ ಆಕ್ಕೊಡಿ.”

“ಎಲ್ಲಾದ್ರೂ ಒಡಿಲಾ!”

“ಅಂಗಾಗಕಿಲ್ಲ ಗೌಡ್ರೆ. ಬಾಯ್ ಕಡೆಯಿಂದ್ಲೋ, ಕೊಂಬಿನ ಕಡೆಯಿಂದ್ಲೋ? ಮುಟ್ಟಿ ತೋರ್ಸಿ.”

ಗೌಡರು ಕಟ್ಟೆ ಇಳಿದು ಬಂದರು. ಬೆರಳು ಚಾಚಿದರು. ಅದು ಒಂದು ಗೇಣು ದೂರದಲ್ಲಿ ನಿಂತುಬಿಟ್ಟಿತು. ಕೈ ಹಿಂದಕ್ಕೆಳೆದುಕೊಂಡು ಪಂಚೆಗೆ ಒರೆಸಿಕೊಂಡರು. ಮುಟ್ಟಿರಲೇ ಇಲ್ಲ, ಆದರೂ ಒರೆಸಿಕೊಂಡರು.

ಮೊದಲ ಸಲ ಕೇಳಿದ್ದು ನಿಜವಾಗಿಯೂ ಗೆರೆ ಬೇಕೆಂದೇ. ಅದರಲ್ಲಿ ಧೈರ್ಯ ಏನೂ ಇರಲಿಲ್ಲ. ಆದರೆ ಆ ಪಂಚೆಗೆ ಒರೆಸಿಕೊಂಡ ಕೈ ನೋಡಿದ ಮೇಲೆ ಕೇಳಿದ್ದು ಚುಚ್ಚಲೆಂದೇ. ಪೆನ್ಸಿಲನ್ನು ಲೋಕೇಶ್ ಮೇಷ್ಟ್ರ ಮುಂದೆ ಹಿಡಿದೆ.

“ನೀವಾಕಿ ಮೇಷ್ಟ್ರೆ. ಓದ್ದೋರು.”

“ನಾನು... ಇವತ್ತು ಭಾನುವಾರ ಕಣಪ್ಪ, ರಜ,” ಎಂದರು ಮೇಷ್ಟ್ರು.

ಪಕ್ಕದವರ ಮುಂದೆ ಹಿಡಿದೆ. ಅವರ ಮನೆಯಲ್ಲಿ ಪೂಜೆಯಂತೆ. ಅವರ ಪಕ್ಕದವರಿಗೆ ಕನ್ನಡಕ ಮರೆತುಹೋಗಿತ್ತಂತೆ. ಕಟ್ಟೆಯ ಉದ್ದಕ್ಕೂ ಪೆನ್ಸಿಲ್ ಹಿಡಿದು ನಡೆದೆ. ಅಷ್ಟು ಜನ ದೊಡ್ಡವರು ನನ್ನನ್ನು ಕಂಡು ಹಿಂದೆ ಸರಿದದ್ದು ಅದೇ ಮೊದಲು. ಖುಷಿಯಾಯಿತು ಎಂದೇ ಹೇಳುತ್ತೇನೆ.

“ಯಾರಾರ ಮುಟ್ರಪ್ಪ, ಕಚ್ಚಕಿಲ್ಲ,” ಎಂದೆ. “ಒಂಬತ್ ತಿಂಗ್ಳು ಇದ್ರೊಳ್ಗೇ ಕುಂತಿದ್ರಲ್ಲ, ಆವಾಗ ಮೈಲಿಗೆ ಆಗ್ನಿಲ್ವ?”

ಗೌಡರ ಕೈ ನನ್ನ ಕೆನ್ನೆಗೆ ಬಿತ್ತು. ನನ್ನ ಹೆಗಲ ಟವೆಲ್ಲು ಹಾರಿ ಮಣ್ಣಿಗೆ ಬಿತ್ತು. ನಾನು ಅದನ್ನು ಎತ್ತಿಕೊಳ್ಳುತ್ತಿರುವಾಗ ಗೋಡೆಯ ಕಡೆಯಿಂದ ಒಬ್ಬರು ನಡೆದು ಬಂದರು. ಗೌಡರ ಹೆಂಡತಿ ಅಣ್ಣಮ್ಮ. ಮೂವತ್ತು ವರ್ಷದಿಂದ ಅವರು ನನಗೆ ಬಾಗಿಲ ಸಂದಿಯಿಂದ ಕಾಫಿ ಲೋಟ ಚಾಚುವ ಒಂದು ಕೈ ಮಾತ್ರ. ಗಂಡಸರು ಕೂತ ಜಾಗಕ್ಕೆ ಅವರು ಬಂದದ್ದನ್ನು ಯಾರೂ ಕಂಡಿರಲಿಲ್ಲ.

“ಸರ್ಯಾಗ್ ಬಂದೆ. ಆಕು ಗೆರೆಯ, ನೀನೇ ಆಕು,” ಎಂದರು ಗೌಡರು.

ಅಣ್ಣಮ್ಮ ಪೆನ್ಸಿಲ್ ಮುಟ್ಟಲಿಲ್ಲ. ಚಪ್ಪಡಿಯ ಮೇಲಿದ್ದುದನ್ನು ಎರಡೂ ಕೈಯಲ್ಲಿ ಎತ್ತಿಕೊಂಡರು. ಹೆಬ್ಬೆರಳಿನಿಂದ ಅದರ ಬಾಯಿ ಸವರಿದರು, ನಳಿಕೆ ಸವರಿದರು.

“ನಂದು ಇಪ್ಪತ್ತೊಂಬತ್ ವರ್ಸಕ್ಕೇ ತಗ್ದಾಕ್ಬುಟ್ರು ಕಣಪ್ಪ ಆಚಾರಿ,” ಎಂದರು. “ಒಟ್ಟೆ ನೋವು ಅಂತ ಮೈಸೂರ್ಗೆ ಓಗಿದ್ದೆ. ಇವ್ರು ಸೈನ್ ಆಕುದ್ರು. ಏನ್ ತಗುದ್ರು ಅಂತ ನಂಗ್ಯಾರೂ ಯೋಳ್ನಿಲ್ಲ. ನೆನ್ನೆ ಪವಿತ್ರ ಬರ್ದು ತೋರುಸ್ದಾಗ್ಲೇ ಗೊತ್ತಾಗಿದ್ದು. ಇಷ್ಟೇ ಇತ್ತಾ?”

“ಇಷ್ಟೇ ಕಣವ್ವ,” ಎಂದೆ.

“ಕೊಡಮ್ಮಿ ಇತ್ಲಾಗೆ,” ಗೌಡರು ಹಲ್ಲು ಕಚ್ಚಿದರು.

ಅಣ್ಣಮ್ಮ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಚಪ್ಪಡಿಯ ಮೇಲೇ ಕೂತರು.

“ಸೀಳ್ಳೇಬೇಕು ಅಂದ್ರೆ ಇನ್ನೊಂದ್ ಸಲ ನನ್ನೇ ಸೀಳ್ಸಿ.”

ಗೌಡರು ನನ್ನ ಕಡೆ ನೋಡಿದರು. ಬಾಗಿಲು ಕೈತಪ್ಪಿತು ಎಂದು ನನಗೆ ತಿಳಿಯಿತು, ಅರ್ಧ ತಾವರೆಯ ನೆನಪಾಗಿ ಸಂಕಟವೂ ಆಯಿತು. ಬಾಚಿಯನ್ನು ನೆಲಕ್ಕಿಟ್ಟೆ.

ರಾಧಾಮಣಿ ಹೋಗಿ ಅಣ್ಣಮ್ಮನ ಪಕ್ಕದಲ್ಲಿ ಕೂತಳು. ಅಣ್ಣಮ್ಮ ಸೆರಗು ಬಿಚ್ಚಿ, ಪಕ್ಕಕ್ಕಿದ್ದ ಗಜ್ಜುಗದ ಮೇಲೆ ಬೆರಳಿಟ್ಟರು.

“ಇವು ಏನಮ್ಮಿ?”

“ಅಂಡಾಶಯ ಕಣವ್ವ. ಮೊಟ್ಟೆ ಉಟ್ಟೋದು ಅಲ್ಲೇಯ.”

“ಇವ್ನೂ ತಗ್ದವ್ರಾ ನಂದು?”

ರಾಧಾಮಣಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಅದು ಸಹಿ ಹಾಕಿದವರಿಗೆ. ಇಬ್ಬರೂ ತಲೆಯೆತ್ತಿ ಗೌಡರ ಮುಖ ನೋಡುತ್ತ ಕೂತರು.