ಅಪ್ಪನನ್ನು ಹೊರುವ ತಾಲೀಮು

ಶಿವಕುಮಾರನ ಹೊಟ್ಟೆಯ ವಿಚಾರ ಊರಿಗೆಲ್ಲ ಜಾಹೀರಾದದ್ದು ಅವನ ದೊಡ್ಡಪ್ಪ ತೀರಿಕೊಂಡ ದಿನ. ಅಲ್ಲಿಯವರೆಗೆ ಅದು ಹಾಸನದ ಸರ್ಕಾರಿ ಕಚೇರಿಯೊಂದರಲ್ಲಿ ಮೇಜಿನ ಹಿಂದೆ ಮರ್ಯಾದೆಯಾಗಿ ಕೂತಿತ್ತು. ಸೂಪರಿಂಟೆಂಡೆಂಟ್ ಸಾಹೇಬರಿಗೆ ಹೊಟ್ಟೆ ಇದ್ದರೆ ಯಾರೂ ಕೇಳುವುದಿಲ್ಲ, ಇಲ್ಲದಿದ್ದರೇ ಜನಕ್ಕೆ ಅನುಮಾನ.

ಅವರ ಪೈಕಿ ಸತ್ತವರನ್ನು ಮಲಗಿಸಿ ಒಯ್ಯುವ ಪದ್ಧತಿಯಿಲ್ಲ. ಹೂವಿನ ವಿಮಾನ ಕಟ್ಟಿ, ಅದರಲ್ಲಿ ಕೂರಿಸಿ, ಹೆಗಲ ಮೇಲೆ ಹೊತ್ತು ತೋಟಕ್ಕೆ ಒಯ್ದು, ಕೂರಿಸಿಯೇ ಮಣ್ಣು ಮಾಡುತ್ತಾರೆ. ಹಿರೀಸಾವೆ ಹತ್ತಿರದ ಅವರ ತೋಟಕ್ಕೆ ಹೆದ್ದಾರಿಯಿಂದ ಇಳಿದು ನಾಲೆಯ ಏರಿಯ ಮೇಲೆ ಕಾಲುದಾರಿಯಲ್ಲೇ ಹೋಗಬೇಕು, ಯಾವ ವಾಹನವೂ ನುಗ್ಗುವುದಿಲ್ಲ. ಅವತ್ತು ಮುಂದಿನ ಬೊಂಬಿಗೆ ಹೆಗಲು ಕೊಟ್ಟವನು ಶಿವಕುಮಾರ. ಅರ್ಧ ದಾರಿಗೇ ಅವನಿಗೆ ಉಸಿರು ಕಟ್ಟಿತು, ಮಂಡಿ ಮಡಚಿತು, ವಿಮಾನ ವಾಲಿತು. ಬದುಕಿದ್ದಾಗ ಯಾರ ಮುಂದೆಯೂ ತಲೆ ಬಾಗಿಸದ ದೊಡ್ಡಪ್ಪ ಜೊತೆಗೆ ನಡೆಯುತ್ತಿದ್ದ ಪಕ್ಕದ ತೋಟದ ಪಂಚಾಕ್ಷರಯ್ಯನ ಹೆಗಲಿಗೆ ತಲೆಯಿಟ್ಟುಬಿಟ್ಟರು. ಪಂಚಾಕ್ಷರಯ್ಯನ ಇಬ್ಬರು ಮಕ್ಕಳು ಓಡಿಬಂದು, ಶಿವಕುಮಾರನನ್ನು ಆಚೆಗೆ ಸರಿಸಿ, ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತಿಕೊಂಡು ಹೋದರು.

ಮಂಡಿನೋವಿನ ಗಂಗಾಧರಯ್ಯ, ಅಂದರೆ ಶಿವಕುಮಾರನ ತಂದೆ, ಹೆದ್ದಾರಿ ಬದಿಯ ಕಾರಿನಲ್ಲಿ ಕೂತು ಇದನ್ನೆಲ್ಲ ನೋಡಿದರು. ಹಾಸನಕ್ಕೆ ಬಂದು ಸ್ನಾನ ಮುಗಿಸಿ ಮಗನನ್ನು ಕರೆದರು.

"ಸಾಯಕ್ಕೆ ನಂಗೆ ಭಯ ಇಲ್ಲ ಕಣ್ಲಾ ಶಿವ," ಎಂದರು. "ನೀ ಬೀಳಿಸ್ತೀಯಲ್ಲ, ಅದೇ ಭಯ. ಆಗಲ್ಲ ಅಂದ್ರೆ ಈಗ್ಲೇ ಯೋಳ್ಬುಡು. ಪಂಚಾಕ್ಷರಿ ಮಕ್ಳಿಗೆ ಒಂದ್ ಮಾತು ಯೋಳಿಟ್ಟಿರ್ತೀನಿ."

ಈ ಮಾತು ಶಿವಕುಮಾರನಿಗೆ ನಾಟಿತು. ಯಾಕೆಂದರೆ ತೆಂಗಿನ ಗರಿ ಯಾರ ಬದಿಗೆ ಬಿತ್ತು ಎಂಬ ಘನವಾದ ವಿಷಯಕ್ಕೆ ಜಗಳವಾಡಿ, ಅಪ್ಪನೂ ಪಂಚಾಕ್ಷರಯ್ಯನೂ ಮಾತು ಬಿಟ್ಟು ವರ್ಷಗಳಾಗಿದ್ದವು. ಹೆತ್ತ ಮಗನಿಗಿಂತ ಆ ಮನೆಯವರ ಹೆಗಲೇ ವಾಸಿ ಎಂದು ಅಪ್ಪ ಹೇಳುವಂತಾದರೆ, ಸರ್ಕಾರದ ಸಂಬಳ ತಿಂದು ಬೆಳೆಸಿದ ಈ ದೇಹ ಯಾತಕ್ಕೆ ಬಂತು?

ಕಾಲೇಜಿಗೆ ಹೋಗುವ ಮಗಳು ಮಾನ್ಯ ಗುರುವಾದಳು. "ಬರೀ ಊಟ ಬಿಟ್ರೆ ಕೊಬ್ಬಿನ ಜೊತೆ ಇರೋ ಚೂರು ಶಕ್ತಿನೂ ಕರಗುತ್ತಪ್ಪ. ಕಾಳು ತಿನ್ನು, ಭಾರ ಎತ್ತು, ಕುರ್ಚಿಲಿ ಕೂತಲ್ಲೇ ಕೂರಬೇಡ," ಎಂದಳು. ಶಿವಕುಮಾರ ಮೂರನ್ನೂ ಪಾಲಿಸಿದ. ಮುದ್ದೆ ಸಣ್ಣದಾಯಿತು, ಮೊಳಕೆ ಹುರುಳಿಕಾಳಿನ ಬಟ್ಟಲು ದೊಡ್ಡದಾಯಿತು. ಕಚೇರಿಯಲ್ಲಿ ಯಾರದೋ ಬಡ್ತಿ, ಯಾರದೋ ನಾಮಕರಣ ಎಂದು ದಿನಾ ಹಂಚುತ್ತಿದ್ದ ಮೈಸೂರುಪಾಕನ್ನು ಎದುರಿನ ಮೇಜಿಗೆ ದಾಟಿಸಿದ. ನೀರಿನ ಕ್ಯಾನು ಬಂದರೆ ಅಟೆಂಡರನ್ನು ತಡೆದು ತಾನೇ ಮಹಡಿಗೆ ಹೊತ್ತ. ಅರ್ಜಿ ಹಿಡಿದು ಯಾರೇ ಬರಲಿ, ಕುರ್ಚಿಯಿಂದ ಎದ್ದು, ಕೂತು, ಮತ್ತೆ ಎದ್ದು, ಮತ್ತೆ ಕೂತು ತೊಡೆ ಗಟ್ಟಿ ಮಾಡಿಕೊಂಡ. ಇಷ್ಟು ವಿನಯದ ಅಧಿಕಾರಿಯನ್ನು ಹಾಸನ ಜಿಲ್ಲೆ ಕಂಡೇ ಇರಲಿಲ್ಲ. ಅರಕಲಗೂಡಿನಿಂದ ಬಂದ ಒಬ್ಬ ಮುದುಕಿಯಂತೂ, "ಕುಂತ್ಕಳಪ್ಪ, ನಾನೇನ್ ಮಂತ್ರಿ ಅಲ್ಲ," ಎಂದು ಕೈಮುಗಿದಳು.

ಒಂದು ದಿನ ಧೈರ್ಯ ಮಾಡಿ ಅಪ್ಪನನ್ನೇ ಕೇಳಿದ. "ಅಪ್ಪಾಜಿ, ನೀವೂ ಒಂಚೂರು ತೂಕ ಇಳಿಸಿದ್ರೆ ಇಬ್ರಿಗೂ ಅನುಕೂಲ."

ಗಂಗಾಧರಯ್ಯನವರು ತುಪ್ಪದ ಬಟ್ಟಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡರು. "ಸಾಯೋನು ಯಾಕ್ಲಾ ಸಣ್ಣ ಆಗ್ಬೇಕು? ಒರೋನು ಗಟ್ಟಿ ಆಗ್ಬೇಕು!"

ತಿಂಗಳುಗಳು ಕಳೆದವು. ಪ್ಯಾಂಟು ಸೊಂಟದಲ್ಲಿ ನಿಲ್ಲದಾಯಿತು. "ಶುಗರ್ರಾ ಸಾ?" ಎಂದು ಕಚೇರಿಯವರು ಮರುಕದಿಂದ ಕೇಳತೊಡಗಿದರು. ಹೆಗಲು ಮಾತ್ರ ಕಲ್ಲಾಗಿತ್ತು. ಅಪ್ಪನಿಗೆ ಇನ್ನೂ ನಂಬಿಕೆಯಿಲ್ಲ. "ಅಂಗಿ ಬಿಚ್ಚಿ ತೋರ್ಸ್ಬ್ಯಾಡ. ಒಂದ್ಸಲ ತ್ವಾಟಕ್ಕೆ ಒತ್ಕಂಡೋಗಿ ತೋರ್ಸು," ಎಂದರು.

ಹಾಗಾಗಿ ಒಂದು ಭಾನುವಾರ ಬೆಳಿಗ್ಗೆ ಹೆದ್ದಾರಿ ಬದಿಯಲ್ಲಿ ಗಟ್ಟಿಮುಟ್ಟಾದ ಮರದ ಕುರ್ಚಿಗೆ ಎರಡು ಬೊಂಬು ಕಟ್ಟಿ, ಗಂಗಾಧರಯ್ಯನವರನ್ನು ಕೂರಿಸಲಾಯಿತು. ಮುಂದೆ ಬಲಕ್ಕೆ ಶಿವಕುಮಾರ, ಎಡಕ್ಕೆ ಚನ್ನರಾಯಪಟ್ಟಣದ ಬ್ಯಾಂಕಿನಲ್ಲಿ ಕೂತು ಕೂತು ಉಬ್ಬಿದ ತಮ್ಮ ಸಿದ್ದೇಶ್ವರ. ಹಿಂದೆ ತೋಟ ನೋಡಿಕೊಳ್ಳುವ ಚನ್ನಪ್ಪ ಮತ್ತು ಅವನ ಭಾವಮೈದ. ನೀರಿನ ಬಾಟಲಿ ಹಿಡಿದು ಹಿಂದೆ ನಿಂತ ತಾಯಿ ರೇವಮ್ಮ ಕೇಳಿದರು: "ನಾನು ಅಳೋದನ್ನೂ ಈಗ್ಲೇ ಪ್ರಾಕ್ಟೀಸ್ ಮಾಡ್ಲಾ, ಇಲ್ಲ ಆಮೇಕ್ ನೋಡ್ಕಳಾಣ್ವಾ?"

ಎತ್ತಿದರು. ಏರಿಯ ಮೇಲೆ ನಡೆದರು. ದೊಡ್ಡಪ್ಪ ವಾಲಿದ ಜಾಗ ಬಂದಾಗ ಶಿವಕುಮಾರನ ಕಣ್ಣಿಗೆ ಬೆವರಿಳಿಯಿತು. ಮೇಲೆ ಅಪ್ಪ ಉಸಿರು ಬಿಗಿಹಿಡಿದದ್ದು ಅವನಿಗೆ ಕೇಳಿಸಿತು. ಹಲ್ಲು ಕಚ್ಚಿ ಹೆಜ್ಜೆಯಿಟ್ಟ. ಇನ್ನೊಂದು ಹೆಜ್ಜೆ. ಕುರ್ಚಿ ಅಲುಗಲಿಲ್ಲ.

ಅಷ್ಟರಲ್ಲಿ ಹೆದ್ದಾರಿಯ ಹೋಟೆಲಿನವರು ಯಾರೋ ಫೋನು ಮಾಡಿ ಗಂಗಾಧರಯ್ಯ ಹೋಗಿಬಿಟ್ಟರಂತೆ ಎಂದು ಸುದ್ದಿ ಹಬ್ಬಿಸಿದ್ದರು. ತೋಟದ ಬಾಗಿಲಲ್ಲಿ ಕುರ್ಚಿ ಇಳಿಸುವ ಹೊತ್ತಿಗೆ ಪಂಚಾಕ್ಷರಯ್ಯ ಇಬ್ಬರೂ ಮಕ್ಕಳ ಜೊತೆ ಹಾರ ಹಿಡಿದು ಓಡಿಬಂದ. ಗಂಗಾಧರಯ್ಯನವರು ದೂರದಿಂದಲೇ ಕಂಡು ಥಟ್ಟನೆ ಕಣ್ಣು ಮುಚ್ಚಿದರು.

"ಓಗ್ಬುಟ್ಯಲ್ಲೋ ಗಂಗಾಧರಾ! ನಿನ್ನಂಥಾ ಮನ್ಸ ಈ ಸೀಮೆಲೇ ಇರ್ಲಿಲ್ವಲ್ಲೋ! ಇನ್ಮ್ಯಾಕೆ ನಾನು ಬೈಯೋದಾದ್ರೂ ಯಾರ್ನೋ!"

"ಇನ್ನೊಸಿ ಯೋಳು ಪಂಚಾಕ್ಷರಿ, ಚೆನ್ನಾಗೈತೆ," ಎಂದಿತು ಕುರ್ಚಿ.

ಪಂಚಾಕ್ಷರಯ್ಯ ಹಾರವನ್ನು ಅಲ್ಲೇ ಎಸೆದು, ಆ ಏರಿಯ ಮೇಲೆ ಇದುವರೆಗೆ ಯಾರೂ ಆಡದ ಬೈಗುಳಗಳನ್ನು ಆಡಿದ. ಆದರೆ ಬಿಟ್ಟು ಹೋಗಲಿಲ್ಲ. ಚನ್ನಪ್ಪ ಕೆತ್ತಿಕೊಟ್ಟ ಎಳನೀರನ್ನು ಇಬ್ಬರೂ ಪಕ್ಕಪಕ್ಕ ಕೂತು ಕುಡಿದರು. ವರ್ಷಗಳಿಂದ ತೋಟದ ಮಣ್ಣು ಮುಟ್ಟದ ಗಂಗಾಧರಯ್ಯನವರು ಒಂದೊಂದೇ ಮರವನ್ನು ಬುಡದಿಂದ ಸುಳಿಯವರೆಗೆ ನೋಡಿದರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಶಿವಕುಮಾರ ಯಾವ ಕಾಲಕ್ಕೋ ಕಂಡಿದ್ದ.

ಬಿಸಿಲು ಏರಿತು. "ಸರಿ, ನಡೀರಿ ಮನೆಗೆ," ಎಂದರು ಗಂಗಾಧರಯ್ಯ.

ನಾಲ್ವರೂ ಮುಖಮುಖ ನೋಡಿಕೊಂಡರು. ಇಷ್ಟು ದಿನ ಎಲ್ಲರೂ ಹೋಗುವುದನ್ನೇ ಯೋಚಿಸಿದ್ದರು. ವಾಪಸು ಬರುವ ವಿಚಾರ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಅವರದೇನು ತಪ್ಪು? ಆ ದಾರಿಯಲ್ಲಿ ಹೊತ್ತುಕೊಂಡು ಹೋದವರನ್ನು ಯಾರೂ ಯಾವತ್ತೂ ವಾಪಸು ಹೊತ್ತು ತಂದಿರಲಿಲ್ಲ.

ಸಿದ್ದೇಶ್ವರ ಮರದ ನೆರಳಲ್ಲಿ ಅಂಗಾತ ಬಿದ್ದಿದ್ದ. ಪಂಚಾಕ್ಷರಯ್ಯನ ದೊಡ್ಡ ಮಗ ಲುಂಗಿ ಎತ್ತಿ ಕಟ್ಟಿದ. "ನೀವಿಬ್ರೂ ಬುಡಿ ಅಣ್ಣ, ನಾವ್ ಒರ್ತೀವಿ."

ಗಂಗಾಧರಯ್ಯನವರು ಮಗನ ಮುಖ ನೋಡಿದರು, ಅಷ್ಟೆ.

"ಸಿದ್ದನ ಜಾಗಕ್ಕೆ ಬೇಕಾದ್ರೆ ಬಾರಪ್ಪ," ಎಂದ ಶಿವಕುಮಾರ. "ನನ್ ಜಾಗ ನಾನು ಬಿಡಲ್ಲ."

ಮತ್ತೆ ಎತ್ತಿದರು. ಬೊಂಬು ಹೆಗಲಿಗೆ ಕಚ್ಚಿತು. ಮೇಲಿನಿಂದ ಅಪ್ಪ ನುಸಿ ಹತ್ತಿದ ಕಾಯಿಗಳ ಬಗ್ಗೆ, ಪಂಚಾಕ್ಷರಯ್ಯನ ದಡ್ಡತನದ ಬಗ್ಗೆ, ಮಧ್ಯಾಹ್ನದ ಊಟದ ಬಗ್ಗೆ ಎಡೆಬಿಡದೆ ಮಾತಾಡುತ್ತಿದ್ದರು. ಅವರ ಪಾದ ಆಗಾಗ ಶಿವಕುಮಾರನ ಬೆನ್ನಿಗೆ ತಾಗುತ್ತಿತ್ತು, ಬೆಚ್ಚಗಿತ್ತು. ನಿಜವಾದ ದಿನ ಇದೇ ಏರಿಯ ಮೇಲೆ ತಾನು ಖಾಲಿ ಹೆಗಲಲ್ಲಿ ವಾಪಸು ಬರುತ್ತೇನೆ ಎಂಬುದು ಅವನಿಗೆ ಆಗ ತಿಳಿಯಿತು. ಅಳು ಒತ್ತರಿಸಿ ಬಂತು. ಬೆವರಿನಲ್ಲಿ ಯಾರಿಗೆ ಗೊತ್ತಾಗುತ್ತದೆ ಎಂದು ಧಾರಾಳವಾಗಿ ಅತ್ತ. ಹೆಗಲು ಕಿತ್ತುಬರುತ್ತಿದ್ದರೂ ಹೆಜ್ಜೆಯನ್ನು ನಿಧಾನ ಮಾಡಿದ.

"ಯಾಕ್ಲಾ, ಸುಸ್ತಾಯ್ತಾ?" ಎಂದರು ಅಪ್ಪ.

"ಇಲ್ಲ ಅಪ್ಪಾಜಿ. ದಾರಿ ಇನ್ನೂ ಬಾಳ ಐತೆ, ನೀವು ಕೂತ್ಕಳಿ."

ಹೆದ್ದಾರಿ ಎದುರಿಗೇ ಇತ್ತು.