ದನಿಯಿಲ್ಲದ ಬೈಗುಳ

ನಾನು ಅತ್ತೆಗೆ ಒಂದು ದಿನವೂ ಎದುರು ಮಾತಾಡಿದವಳಲ್ಲ. ಬೈದದ್ದೆಲ್ಲ ಮನಸ್ಸಿನಲ್ಲೇ. ರೊಟ್ಟಿ ತಟ್ಟುವಾಗ ತಾಳಕ್ಕೆ ತಕ್ಕಂತೆ ಬೈಯುತ್ತಿದ್ದೆ, ಪಾತ್ರೆ ತಿಕ್ಕುವಾಗ ಇನ್ನೂ ಬಿರುಸಾಗಿ. ಮನಸ್ಸಿಗೆ ಬೀಗ ಹಾಕುವವರು ಯಾರು ಹೇಳಿ?

ದಾವಣಗೆರೆ ಜಿಲ್ಲೆಯಾದ ಮರುವರ್ಷ ಹರಿಹರದ ಒಂದು ಶಾಲೆಯವರು ಚಿಕ್ಕ ಮಕ್ಕಳಿಗೆ ಪಾಠ ಹೇಳಲು ನನ್ನನ್ನು ಕರೆದರು. ಸೋಮವಾರ ಹೋಗಿ ಸೇರಬೇಕು, ಇಲ್ಲದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಟೀಚರ್ ಆಗಬೇಕೆಂಬುದು ನನ್ನ ಲಂಗ ತೊಡುವ ಕಾಲದ ಆಸೆ. ಆದರೆ ನಮ್ಮ ಮನೆಯಲ್ಲಿ ಅತ್ತೆ ಮೈಲಮ್ಮನವರ ಹೂಂ ಇಲ್ಲದೆ ಒಲೆಯೂ ಹೊತ್ತುವುದಿಲ್ಲ. ಅವ್ವನನ್ನು ನೀನೇ ಕೇಳು ಮಾರಾಯ್ತಿ ಎಂದು ಗಂಡ ಅಂಜನ್ ಕುಮಾರ್ ಜಾರಿಕೊಂಡರು, ಮಹಾನುಭಾವರು. ವಾರವಿಡೀ ನಾನು ಮನಸ್ಸಿನಲ್ಲೇ ಕೇಳುವ ಅಭ್ಯಾಸ ಮಾಡಿದೆ. ಧೈರ್ಯ ಬಾರದಾಗಲೆಲ್ಲ, ಈ ಮುದುಕಿಗೆ ಬಾಯಿ ಇರುವುದು ಉಣ್ಣಲು, ಹೂಂ ಎನ್ನಲು ಅಲ್ಲ ಎಂದು ಬೈದು ಸಮಾಧಾನ ಮಾಡಿಕೊಂಡೆ.

ಗಂಡನಿಗೆ ಬೇರೆಯೇ ಚಿಂತೆ. ನಾನು ಸುಮ್ಮನಿದ್ದಾಗಲೂ ನನ್ನ ತುಟಿ ಅಲ್ಲಾಡುತ್ತದಂತೆ. ಗಾಳಿಯೋ ನರದ ದೋಷವೋ ಎಂದು ಹೆದರಿ, ಶುಕ್ರವಾರ ಕೆ.ಬಿ. ಬಡಾವಣೆಯ ನರರೋಗದ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಅತ್ತೆಯೂ ಬಂದರು. ಡಾಕ್ಟರು ನಕ್ಕುಬಿಟ್ಟರು. ಬಾಯಿಮಾತಿಗೆ ದುಡಿಯುವ ಮೆದುಳಿನ ಜಾಗಗಳೇ ಮನಸ್ಸಿನ ಮಾತಿಗೂ ಬಹುಮಟ್ಟಿಗೆ ದುಡಿಯುತ್ತವಂತೆ. ಅಲ್ಲಿಂದ ನಾಲಿಗೆಗೆ, ತುಟಿಗೆ ಹೊರಡುವ ಅಪ್ಪಣೆಯನ್ನು ಮೆದುಳೇ ತಡೆದು ನಿಲ್ಲಿಸುತ್ತದಂತೆ. ಒಮ್ಮೊಮ್ಮೆ ಒಂದಿಷ್ಟು ಸೋರಿ ತುಟಿ ಮಿಸುಕುತ್ತದೆ, ಇದು ಕಾಯಿಲೆಯಲ್ಲ ಎಂದರು.

"ಸೋರ್ತೈತೆ ಅನ್ರಿ," ಎಂದು ಅತ್ತೆ ನನ್ನ ಕಡೆ ನೋಡಿದರು. ಆ ನೋಟ ನನಗೆ ಸರಿಬರಲಿಲ್ಲ.

ಹೊರಗೆ ಬಂದರೆ ರಸ್ತೆಯ ಆಚೆ ಅಖ್ತರ್ ಬಾನು ನಿಂತಿದ್ದರು. ಹತ್ತಿ ಮಿಲ್ಲು ಮುಚ್ಚುವವರೆಗೂ ಅವರು ಅತ್ತೆಯ ಪಕ್ಕದ ಮಷೀನಿನಲ್ಲಿ ನೂಲು ಸುತ್ತುತ್ತಿದ್ದವರು. ನಡುವೆ ಲಾರಿ, ಆಟೋಗಳ ಗದ್ದಲ. ಇಬ್ಬರೂ ದನಿಯನ್ನೇ ತೆಗೆಯದೆ, ಬರೀ ತುಟಿ ಆಡಿಸಿ ಸುಖದುಃಖ ಹಂಚಿಕೊಂಡು ನಕ್ಕರು. ಇದೇನೆಂದು ಗಂಡನನ್ನು ಕೇಳಿದೆ. ಮಿಲ್ಲಿನ ಸದ್ದಿನಲ್ಲಿ ಕಿವಿ ಕೆಲಸಕ್ಕೆ ಬರುತ್ತಿರಲಿಲ್ಲ, ತುಟಿ ನೋಡಿಯೇ ಮಾತು ತಿಳಿಯುತ್ತಿದ್ದರು, ನಿನಗೆ ಗೊತ್ತಿರಲಿಲ್ಲವೇ ಎಂದರು.

ಅಯ್ಯೋ ಶಿವನೇ, ಮದುವೆಯಾದಾಗಿನಿಂದ ಬೈದದ್ದು! ದೇವರಾಜ ಅರಸು ಬಡಾವಣೆಯ ಮನೆ ಮುಟ್ಟುವತನಕ ಆಟೋದಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ಕೂತಿದ್ದೆ. ಕೆಲಸದ ಆಸೆಗೆ ಎಳ್ಳುನೀರು ಬಿಟ್ಟಂತಾಯಿತು ಎಂದುಕೊಂಡೆ, ಅದನ್ನೂ ಸೆರಗಿನ ಮರೆಯಲ್ಲೇ.

ಸಂಜೆ ತುಟಿ ಬಿಗಿಹಿಡಿದು ಹಿಟ್ಟು ನಾದುತ್ತಿದ್ದೆ. ಅತ್ತೆ ಎದುರು ಬಂದು ಕೂತರು.

"ಯಾಕವ್ವ ಸುಧಾ, ಇವತ್ತು ಏನೂ ಕೇಳಿಸ್ತಾನೇ ಇಲ್ಲ?"

ನಾಚಿಕೆಯಿಂದ ನನಗೆ ಅಳುವೇ ಬಂತು. ಅತ್ತೆ ಕೈಯಾಡಿಸಿ ಸುಮ್ಮನಾಗಿಸಿದರು.

"ಬೈಗುಳ ಬಿಡು, ನಮ್ಮತ್ತೆಗೆ ನಾನೇನು ಕಡಿಮೆ ಬೈದಿದ್ನಾ? ಹರಿಹರದ ವಿಷ್ಯ ವಾರದಿಂದ ಕೇಳ್ತಿದೀಯ. ದನಿ ತೆಗೆದು ಕೇಳ್ಲಿ ಅಂತ ಕಾಯ್ತಿದ್ದೆ."

ಕೇಳಿದೆ. ದನಿ ತೆಗೆದು, ಪೂರ್ತಿ ಕೇಳಿದೆ.

"ಹೋಗು," ಎಂದರು ಅತ್ತೆ. "ಮಿಲ್ಲು ಮುಚ್ಚಿದ ಮ್ಯಾಲೆ ನಾನೂ ಹಿಂಗೇ ಮನಸಿನಾಗೆ ಒಬ್ಬಳೇ ಮಾತಾಡಿ ಮಾತಾಡಿ ಸಾಕಾಗೈತೆ. ನಿನಗ್ಯಾಕ ಆ ಪಾಡು?"

ಸೋಮವಾರ ನನ್ನನ್ನು ಹರಿಹರದ ಬಸ್ಸು ಹತ್ತಿಸಲು ಅವರೇ ಬಂದರು. ಬಸ್ಸು ಹೊರಟಾಗ ಅತ್ತೆಯ ಮುಖದ ಗತ್ತು ಹಾಗೇ ಇತ್ತು, ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದು ಅವರಿಗೇ ಗೊತ್ತಿರಲಿಲ್ಲವೆಂದು ಕಾಣುತ್ತದೆ. ಆ ತುಟಿಯ ಮಾತು ತಿಳಿಯಲು ಮಿಲ್ಲಿನಲ್ಲಿ ದುಡಿದಿರಬೇಕಿಲ್ಲ. ಬೇಗ ಬಾರವ್ವ, ಮನೆ ಬಿಕೋ ಅಂತೈತೆ.

ಬರ್ತೀನಿ ಅತ್ತೆ ಎಂದು ನಾನೂ ಕಿಟಕಿಯಿಂದ ದನಿಯಿಲ್ಲದೆ ಹೇಳಿದೆ.

ಅತ್ತೆ ಥಟ್ಟನೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.