ಗೊಬ್ಬರದ ಬುಟ್ಟಿ ಮತ್ತು ಹಸಿರು ಪಟ್ಟಿ

ನಮ್ಮ ಮನೆಯ ಹಿತ್ತಲ ಬಾಗಿಲ ಪಕ್ಕ ಒಂದು ಮೊಳೆ ಇತ್ತು. ಅದಕ್ಕೆ ತಗುಲಿ ಹಾಕಿದ್ದ ಬುಟ್ಟಿಯನ್ನು ಹದಿನಾರು ವರ್ಷ ನನ್ನ ಹೊರತು ಯಾರೂ ಮುಟ್ಟಿದವರಲ್ಲ. ಗದ್ದೆಗೆ ಸೀಮೆಗೊಬ್ಬರ ಎರಚುವ ಬುಟ್ಟಿ ಅದು. ನಾನು ಸೊಸೆಯಾಗಿ ಬಂದ ವರ್ಷ, ನಾನು ಎರಚುವುದನ್ನು ಬದುವಿನ ಮೇಲೆ ನಿಂತು ನೋಡಿದ ಅತ್ತೆ, "ಇವಳ ಕೈ ಸಮ" ಅಂದಿದ್ದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಎರಡನೇ ತರಗತಿಗೆ ಶಾಲೆ ಬಿಟ್ಟವಳು ನಾನು. ಆ ಮಾತನ್ನೇ ಒಡವೆಯ ಹಾಗೆ ಇಟ್ಟುಕೊಂಡಿದ್ದೆ.

ಆಮೇಲೆ ಮೈದುನನಿಗೆ ಮದುವೆಯಾಗಿ ವಾರಗಿತ್ತಿ ಬಂದಳು. ಒಂದು ದಿನ ಕೃಷಿ ಕಚೇರಿಯಿಂದ ಅಂಗೈಯುದ್ದದ ಪ್ಲಾಸ್ಟಿಕ್ ಪಟ್ಟಿ ಹಿಡಿದುಕೊಂಡು ಬಂದಳು. ಅದರ ಮೇಲೆ ನಾಲ್ಕು ಹಸಿರು, ತಿಳಿಯಿಂದ ಕಡುವಿನ ತನಕ. ಭತ್ತದ ಎಲೆಯನ್ನು ಅದರ ಮೇಲಿಟ್ಟು ನೋಡಬೇಕಂತೆ. ಎಲೆ ಮೂರನೇ ಹಸಿರಿಗಿಂತ ತಿಳಿಯಿದ್ದರೆ ಮಾತ್ರ ಯೂರಿಯಾ ಕೊಡಬೇಕಂತೆ.

"ಬಟ್ಟೆ ಅಂಗಡೀಲಿ ದಾರಕ್ಕೆ ಬಣ್ಣ ಹೊಂದಿಸಿದ ಹಾಗಾಯ್ತಲ್ಲೇ" ಅಂದೆ.

"ಬಣ್ಣ ಹೊಂದ್ಲಿಲ್ಲ ಅಂದ್ರೆ ಹೊಲಿಗೆ ಎದ್ದು ಕಾಣುತ್ತಲ್ಲಕ್ಕ" ಅಂದಳು.

ಅತ್ತೆ ನಕ್ಕುಬಿಟ್ಟರು. ನನ್ನ ಮಾತಿಗಲ್ಲ, ಅವಳ ಮಾತಿಗೆ. ನನ್ನ ಹೊಟ್ಟೆಯೊಳಗೆ ಕಿಡಿ ಬಿದ್ದದ್ದು ಆವಾಗ.

ಅತ್ತೆ ಅಲ್ಲಿಗೇ ಬಿಡಲಿಲ್ಲ. ದೊಡ್ಡ ಗದ್ದೆಯ ನಡುವೆ ಒಂದು ಬದು ಇತ್ತು. ಈ ಬೆಳೆಗೆ ಕೆರೆಯ ಕಡೆಯದು ದೊಡ್ಡವಳಿಗೆ, ದಾರಿಯ ಕಡೆಯದು ಚಿಕ್ಕವಳಿಗೆ, ಯಾರ ಪೈರು ಚೆನ್ನಾಗಿ ಬರುತ್ತದೋ ಇನ್ನು ಮುಂದೆ ಬುಟ್ಟಿ ಅವರದು ಎಂದು ತೀರ್ಮಾನ ಮಾಡಿದರು.

ವಾರಕ್ಕೊಮ್ಮೆ ಬೆಳಿಗ್ಗೆ ಅವಳು ಗದ್ದೆಗಿಳಿಯುತ್ತಿದ್ದಳು. ಬಿಸಿಲಿಗೆ ಬೆನ್ನು ಮಾಡಿ, ಎಲೆಯನ್ನು ಕೀಳದೆ ತನ್ನ ನೆರಳಿಗೆ ಎಳೆದುಕೊಂಡು, ಪಟ್ಟಿಗೆ ಹಿಡಿದು ಹತ್ತು ಎಲೆ ಎಣಿಸುತ್ತಿದ್ದಳು. ಎಷ್ಟೋ ಸಲ ಒಂದು ಹಿಡಿ ಗೊಬ್ಬರವನ್ನೂ ಹಾಕದೆ ವಾಪಸು ಬರುತ್ತಿದ್ದಳು. ಪೈರಿಗೂ ಉಪವಾಸ ಹಾಕುವ ಜಿಪುಣಿ ಅಂತ ನಮ್ಮ ಯಜಮಾನರ ಹತ್ತಿರ ಆಡಿಕೊಂಡೆ. ಅವಳ ಕಡೆಯ ಪೈರು ನನ್ನದಕ್ಕಿಂತ ಒಂದು ಬಣ್ಣ ಕಮ್ಮಿಯೇ ಇತ್ತು. ಅದನ್ನು ನೋಡಿದಾಗಲೆಲ್ಲ ನನಗೆ ತಂಪಾಗುತ್ತಿತ್ತು.

ಒಂದು ದಿನ ಅತ್ತೆ ಬದುವಿನ ಮೇಲೆ ಬಹಳ ಹೊತ್ತು ನಿಂತರು. ಅವರ ಮುಖ ಅವಳ ಕಡೆಗಿತ್ತು. "ಇದು ಹದವಾಗಿ ಬರ್ತಿದೆ" ಅಂದರು. ನನ್ನ ಕಡೆ ತಿರುಗಲೇ ಇಲ್ಲ.

ಆ ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದ ಮೇಲೆ ಬುಟ್ಟಿ ತೆಗೆದುಕೊಂಡು ಹೋದೆ. ಆ ಬೆಳೆಗೆ ಕೊಡಬೇಕಾದದ್ದನ್ನು ಆಗಲೇ ಕೊಟ್ಟಾಗಿತ್ತು. ಅದರ ಮೇಲೆ ಮತ್ತೆ ಎರಡು ಬುಟ್ಟಿ ಎರಚಿದೆ. ಕೈ ಮಾತ್ರ ಸಮವಾಗಿಯೇ ಆಡಿತು. ವಾರದೊಳಗೆ ನನ್ನ ಪೈರು ಕಪ್ಪಗೆ ಮಿರಮಿರ ಮಿಂಚಿತು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ತೆನೆ ತುಂಬುವ ಹೊತ್ತಿಗೆ ಎರಡು ದಿನ ಗಾಳಿಮಳೆ ಹಿಡಿಯಿತು. ನನ್ನ ಪೈರು ಚಾಪೆ ಹಾಸಿದ ಹಾಗೆ ಮಲಗಿತು. ಉದ್ದಕ್ಕೆ ಬೆಳೆದಿತ್ತೇ ಹೊರತು ಕಾಂಡದಲ್ಲಿ ಕಸುವಿರಲಿಲ್ಲ. ಅವಳದು ಬಾಗಿತು, ಮತ್ತೆ ಎದ್ದು ನಿಂತಿತು. ಹೆಚ್ಚಿನ ಗೊಬ್ಬರವೆಲ್ಲ ನೀರಿನ ಜೊತೆ ಕೆರೆ ಸೇರಿತ್ತು. ಸ್ವಲ್ಪ ದಿನಕ್ಕೆ ಕೊಡ ಮುಳುಗಿಸಲಾಗದಷ್ಟು ದಪ್ಪ ಪಾಚಿ ಕಟ್ಟಿತು. ನೀರಿಗೆ ಬಂದ ದನಗಳು ಮೂಸಿ ನೋಡಿ ತಿರುಗಿ ಹೋದವು.

ಯಜಮಾನರು ಗಾಳಿಯನ್ನು ಬೈದರು. ನಾನೂ ಹೂಂ ಅಂದೆ. ಗಾಳಿ ಬದು ನೋಡಿಕೊಂಡು ಬೀಸುತ್ತದೆಯೇ ಎಂದು ಯಾರೂ ಕೇಳಲಿಲ್ಲ.

ಬಿದ್ದ ಪೈರನ್ನು ಎತ್ತಿ ನಾಲ್ಕು ನಾಲ್ಕು ಬುಡ ಸೇರಿಸಿ ಕಟ್ಟಲು ವಾರಗಿತ್ತಿ ಕರೆಯದೆಯೇ ಬಂದಳು. ಇಬ್ಬರೂ ಬಗ್ಗಿ ಒಂದು ಸಾಲು ಕಟ್ಟಿ ಮುಗಿಸಿದೆವು. ಆಗ ಅವಳು ಅಂದಳು:

"ನಿಮ್ಮ ಕಡೇದೂ ಪ್ರತಿ ಸಲ ನೋಡ್ತಿದ್ದೆ ಅಕ್ಕ. ನಿಮ್ಮ ಪೈರು ಕಪ್ಪಗೆ ಮಿಂಚಿದ ವಾರ ಹತ್ತಕ್ಕೆ ಹತ್ತೂ ಎಲೆ ಕೊನೇ ಹಸಿರು ದಾಟಿತ್ತು."

"ಅತ್ತೆಗೆ ಯಾಕೆ ಹೇಳಲಿಲ್ಲ?"

"ಕೇಳಿದ್ರೆ ಹೇಳ್ತಿದ್ದೆ. ಯಾರೂ ಕೇಳಲಿಲ್ಲ."

ಬಾಯಿ ಮುಚ್ಚಿಕೊಂಡಿರುವುದೊಂದರಲ್ಲಾದರೂ ಆ ಮನೆಯಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಅದರಲ್ಲೂ ಅವಳೇ ಮೇಲಾದಳು. ಪೈರು ಮಲಗಿದ್ದಕ್ಕಿಂತ ಅದು ನನ್ನನ್ನು ಹೆಚ್ಚು ಸುಟ್ಟಿತು. ಅವಳು ಮುಚ್ಚಿಟ್ಟ ಮಾತಿನ ನೆರಳಲ್ಲಿ ಬಾಳುವುದು ನನ್ನಿಂದಾಗದು ಅನ್ನಿಸಿತು. ನೇರ ಮನೆಗೆ ಹೋಗಿ ಅತ್ತೆಗೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಮೊಳೆಯ ಕಡೆ ಒಮ್ಮೆ ನೋಡಿದರು, ಅಷ್ಟೇ. ನಾನೇ ಬುಟ್ಟಿ ಇಳಿಸಿ ಅವಳ ಕೈಗೆ ಕೊಟ್ಟೆ.

ಮುಂದಿನ ಬೆಳೆಯಿಂದ ಇಡೀ ಗದ್ದೆಗೆ ಅವಳೇ ಎರಚಿದಳು. ಯಾವಾಗ ಕೊಡಬೇಕು, ಎಷ್ಟು ಕೊಡಬೇಕು ಅನ್ನುವುದನ್ನು ಪಟ್ಟಿ ಹೇಳಿತು. ಪಾಚಿ ಕಮ್ಮಿಯಾಗಿ ಕೆರೆಗೆ ದನಗಳು ಬಂದವು. ಅವಳ ಕೈ ಮಾತ್ರ ಎರಡು ವರ್ಷವಾದರೂ ಸಮವಾಗಲಿಲ್ಲ. ಒಂದು ಕಡೆ ದಟ್ಟ, ಒಂದು ಕಡೆ ತೆಳು. ಬದುವಿನ ಮೇಲೆ ಕೂತು ನೋಡುತ್ತಿದ್ದೆ. ತುಟಿ ಬಿಚ್ಚುತ್ತಿರಲಿಲ್ಲ.

ಮೂರನೇ ವರ್ಷ ಅವಳೇ ತಿರುಗಿ, "ಹೇಗೆ ಬೀಳ್ತಿದೆ ಅಕ್ಕ?" ಅಂದಳು.

"ಕೇಳಿದ್ದಕ್ಕೆ ಹೇಳ್ತೀನಿ" ಅಂದೆ. "ಎಡಗಡೆ ದಪ್ಪ ಬಿತ್ತು."